ಪಂಪ್ ಹಿಡಿದರೆ ಚಟ ಆಗುತ್ತಾ?

ಅಪ್ಪನಿಗೆ ದಮ್ಮು, ಡಾಕ್ಟರು ಪಂಪ್ (ಬಾಯಿಗಿಟ್ಟು ಔಷಧಿ ಎಳೆದುಕೊಳ್ಳುವ ಇನ್‌ಹೇಲರ್) ಬರೆದಿದ್ದಾರೆ, ಮನೆಯವರು ಮಾತ್ರ ‘ಒಮ್ಮೆ ಹಿಡಿದರೆ ಬಿಡೋಕಾಗಲ್ಲ, ಗುಳಿಗೆಯೇ ಸಾಕು’ ಅಂತಿದ್ದಾರೆ. ಸಿಂಧನೂರಿನಿಂದ ನೀವು ಕೇಳಿದ್ದು ಇದೇ ಅಲ್ವಾ?

ನಾನು ಡಾಕ್ಟರಲ್ಲ, ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುವವನು. ಇದೇ ಮಾತು ನಂಬಿ ಎರಡು ವರ್ಷ ಗುಳಿಗೆ ನುಂಗಿದ್ದೇನೆ. ಸುಗ್ಗಿಯಲ್ಲಿ ತೌಡಿನ ಧೂಳು ಲೆಕ್ಕದ ಪುಸ್ತಕದ ಮೇಲೂ ಕೂರುತ್ತಿತ್ತು. ಬೆಳಗಿನ ಜಾವ ಮೂರಕ್ಕೆ ಎದೆ ಸುಂಯ್‌ಗುಟ್ಟಿ ಎಚ್ಚರ. ಗುಳಿಗೆ ತಗೊಂಡರೆ ಉಸಿರು ಸಲೀಸಾಗುತ್ತಿತ್ತು, ಆದರೆ ಕೈ ನಡುಗಿ ಅಂಕಿಗಳೆಲ್ಲ ಸೊಟ್ಟ.

ಯಾಕೆ ಅಂತ ಆಮೇಲೆ ಲೆಕ್ಕ ಹಾಕಿದೆ. ಉಸಿರಿನ ಕೊಳವೆ ಸಡಿಲಿಸುವ ನನ್ನ ಸಾಲ್ಬುಟಮಾಲ್ ಗುಳಿಗೆ 4 ಮಿಲಿಗ್ರಾಂ. ಅದೇ ಔಷಧಿಯ ಪಂಪ್ ಒಮ್ಮೆ ಒತ್ತಿದರೆ ಬರುವುದು 100 ಮೈಕ್ರೊಗ್ರಾಂ. ಅಂದರೆ ಒಂದು ಗುಳಿಗೆಗೆ 40 ಒತ್ತು! ಗುಳಿಗೆ ಹೊಟ್ಟೆಗಿಳಿದು, ರಕ್ತ ಸೇರಿ, ಮೈಯೆಲ್ಲ ಸುತ್ತಿ ಶ್ವಾಸಕೋಶಕ್ಕೆ ಬರಬೇಕು. ಪಂಪಿನದು ನೇರ ಉಸಿರಿನ ಕೊಳವೆಗೆ. ಒಂದು ಮಡಿಗೆ ನೀರು ಬೇಕಾದರೆ ಊರಿಗೆಲ್ಲ ಕಾಲುವೆ ನುಗ್ಗಿಸುತ್ತೇವಾ?

ಇದು ಚಟ ಆಗಲ್ಲ. ಬಿಟ್ಟಾಗ ದಮ್ಮು ಮರಳಿದರೆ ಕಾಯಿಲೆ ಇನ್ನೂ ಒಳಗಿದೆ ಅಂತ ಅರ್ಥ. ಬಿಪಿ ಗುಳಿಗೆ ಬಿಟ್ಟರೂ ಹಾಗೇ ಅಲ್ವಾ?

ಆದರೆ ನಮ್ಮ ಕಡೆ ‘ದಮ್ಮು’ ಅನ್ನೋ ಒಂದೇ ಹೆಸರಲ್ಲಿ ನಾಲ್ಕಾರು ಕಾಯಿಲೆ ಓಡಾಡುತ್ತವೆ. ಅಸ್ತಮಾದಲ್ಲಿ ಕೊಳವೆ ಬಿಗಿಯುತ್ತದೆ, ಮತ್ತೆ ಸಡಿಲಾಗುತ್ತದೆ. ವರ್ಷಗಟ್ಟಲೆ ಬೀಡಿ ಅಥವಾ ಒಲೆಯ ಹೊಗೆ ಕುಡಿದವರಿಗೆ ಬರುವ ಸಿಒಪಿಡಿ ಅನ್ನೋ ಶ್ವಾಸಕೋಶದ ಕಾಯಿಲೆಯಲ್ಲಿ ಉಸಿರಿನ ಕೊಳವೆ, ಗಾಳಿಯ ಚೀಲಗಳೇ ಹಾಳಾಗಿರುತ್ತವೆ, ಪೂರ್ತಿ ಮೊದಲಿನಂತೆ ಆಗುವುದಿಲ್ಲ. ಎರಡು ವಾರ ದಾಟಿದ ಕೆಮ್ಮು, ಸಂಜೆ ಜ್ವರ, ತೂಕ ಇಳಿತ ಇದ್ದರೆ ಟಿಬಿಗೆ ಕಫ ಪರೀಕ್ಷೆ ಮಾಡಿಸಿ, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಹೃದಯದ ತೊಂದರೆಗೂ ದಮ್ಮು ಹತ್ತುತ್ತದೆ.

ನನ್ನದು ಯಾವುದು ಅಂತ ಗೊತ್ತಾಗಿದ್ದು ರಾಯಚೂರಿನಲ್ಲಿ, ಉಸಿರು ಊದಿಸಿ ಅಳೆಯುವ ಸ್ಪೈರೋಮೆಟ್ರಿ ಪರೀಕ್ಷೆ ಮಾಡಿಸಿದಾಗ. ಮೂಗಿಗೆ ಕ್ಲಿಪ್ ಹಾಕಿ ಬಾಯಿಗೆ ಕೊಳವೆ ಕೊಟ್ಟರು. ‘ಊದ್ರಿ, ಊದ್ರಿ, ಬಿಡಬ್ಯಾಡ್ರಿ’ ಅಂತ ಪಕ್ಕದಲ್ಲಿ ನಿಂತ ಹುಡುಗಿಯ ಕೂಗು. ಕಣ್ಣಲ್ಲಿ ನೀರು ಬಂತು. ಔಷಧಿ ಕೊಟ್ಟು, ಕಾಲು ಗಂಟೆ ಕೂರಿಸಿ, ಮತ್ತೆ ಊದಿಸಿದರು. ಎರಡನೇ ಸಲ ಗಾಳಿ ಚೆನ್ನಾಗಿ ಬಂತು. ಅಸ್ತಮಾ.

ಪಂಪ್ ಸಿಕ್ಕ ಮೇಲೂ ಒಂದು ತಿಂಗಳು ಸುಮ್ನೆ ನಾಲಿಗೆಗೆ ಹೊಡೆದುಕೊಂಡೆ! ಪಂಪಿಗೆ ಸಿಕ್ಕಿಸುವ ಡಬ್ಬಿಯಂಥ ಕೊಳವೆ, ಸ್ಪೇಸರ್ ಅಂತಾರೆ, ಅದನ್ನು ಹಾಕಿಸಿ, ತಪ್ಪು ಕಮ್ಮಿಯಾಗುತ್ತದೆ. ನಿಧಾನ ಎಳೆದುಕೊಂಡು ಹತ್ತು ಎಣಿಸುವವರೆಗೆ ಉಸಿರು ಹಿಡಿಯಬೇಕು. ಸ್ಟೀರಾಯ್ಡ್ ಇರುವ ಪಂಪಾದರೆ ಬಾಯಿ ಮುಕ್ಕಳಿಸಬೇಕು, ಇಲ್ಲದಿದ್ದರೆ ನಾಲಿಗೆ ಮೇಲೆ ಬಿಳಿ ಹುಣ್ಣು. ದಿನಾ ತಗೊಳ್ಳೋ ಪಂಪ್ ಯಾವುದು, ದಮ್ಮು ಹತ್ತಿದಾಗಿನದು ಯಾವುದು ಅಂತ ಕೇಳಿ ಬರೆದಿಟ್ಟುಕೊಳ್ಳಿ. ಮಾತು ಮುಗಿಸೋಕೂ ಉಸಿರು ಸಾಲದಿದ್ದರೆ ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಹೊರಡಿ.

ಅಂದಹಾಗೆ, ಅಪ್ಪ ಬೀಡಿ ಸೇದುತ್ತಾರಾ ಅಂತ ನೀವು ಬರೆದಿಲ್ಲ. ಡಾಕ್ಟರ ಮುಂದೆಯೂ ಹೇಳಿರಲಿಕ್ಕಿಲ್ಲ.