ತಾವರೆ ತೊಟ್ಟಿಯ ದಂಟಿಗೆ ಕಚ್ಚಿಕೊಂಡಿದ್ದ ಈ ಖಾಲಿ ಚಿಪ್ಪು ಯಾವ ಪ್ರಾಣಿಯದು?

ನೀವು ಕೇಳಿದ್ದು ಇಷ್ಟು: ಟೆರೇಸಿನ ಸಿಮೆಂಟ್ ತೊಟ್ಟಿಯಲ್ಲಿ ತಾವರೆ ಹಾಕಿದ್ದೀರಿ, ಸೊಳ್ಳೆ ಆಗಬಾರದು ಅಂತ ಗಪ್ಪಿ ಮೀನು ಬಿಟ್ಟಿದ್ದೀರಿ. ಒಂದು ಬೆಳಗ್ಗೆ ನೋಡಿದರೆ ನೀರಿನಿಂದ ಗೇಣು ಮೇಲೆ, ಎಲೆಯ ದಂಟಿಗೆ ಕಂದು ಬಣ್ಣದ ಒಣಕಲು ಪ್ರಾಣಿಯೊಂದು ಕಚ್ಚಿಕೊಂಡಿದೆ. ಉದ್ದ ಒಂದು ಇಂಚು. ಬೆನ್ನು ಸೀಳಿದೆ, ಒಳಗೆ ಏನೂ ಇಲ್ಲ, ಸೀಳಿನಲ್ಲಿ ಬಿಳಿ ದಾರದ ಎಳೆಗಳು. ನಿಮ್ಮ ಅತ್ತೆ ಚೇಳು ಅಂತಾರೆ, ಯಜಮಾನರು ಏಡಿ ಮರಿ ಅಂತಾರೆ. ಇದು ಮಕ್ಕಳಿಗೆ ಕಚ್ಚುತ್ತಾ, ಪ್ರಾಣಿ ಇನ್ನೂ ನೀರಿನಲ್ಲೇ ಇದೆಯಾ ಅನ್ನುವುದು ನಿಮ್ಮ ಭಯ.

ಅದು ಏರೋಪ್ಲೇನ್ ಚಿಟ್ಟೆ ಬಿಟ್ಟು ಹೋದ ಪೊರೆ. ಡ್ರ್ಯಾಗನ್‌ಫ್ಲೈ. ಚಿಕ್ಕಂದಿನಲ್ಲಿ ಬಾಲಕ್ಕೆ ದಾರ ಕಟ್ಟಿ ಹಾರಿಸುತ್ತಿದ್ದೆವಲ್ಲ, ಅದೇ. (ಪಾಪ, ಈಗ ನೆನೆದರೆ ಬೇಜಾರಾಗುತ್ತದೆ.) ಅದು ಹುಟ್ಟಿ ಬೆಳೆಯುವುದು ನೀರಿನಲ್ಲಿ, ರೆಕ್ಕೆ ಬರುವುದು ಕೊನೆಗೆ. ನಿಮ್ಮ ಕೈಗೆ ಸಿಕ್ಕಿದ್ದು ಅದರ ಕೊನೆಯ ಪೊರೆ. ಒಳಗಿದ್ದದ್ದು ಹಾರಿ ಹೋಗಿ ಆಯಿತು.

ಏಡಿ, ಚೇಳು ಯಾಕಲ್ಲ ಅಂದರೆ, ಮೊದಲು ಕಾಲು ಎಣಿಸಿ. ಏಡಿಗೆ ಮುಂದಿನ ಇಕ್ಕಳಗಳೂ ಸೇರಿ ಹತ್ತು. ಚೇಳಿಗೆ ಮುಂದಿನ ಇಕ್ಕಳ ಬಿಟ್ಟು ಎಂಟು, ಅದೂ ಅಲ್ಲದೆ ಅದು ನೀರಿನಲ್ಲಿ ಬದುಕುವ ಪ್ರಾಣಿಯೇ ಅಲ್ಲ. ನಿಮ್ಮ ಫೋಟೋದಲ್ಲಿ ಸರಿಯಾಗಿ ಆರು ಕಾಲು ಕಾಣುತ್ತವೆ. ಆರು ಕಾಲು ಅಂದರೆ ಕೀಟ. ಇನ್ನು ಬೆನ್ನ ಮೇಲೆ, ಸೀಳಿನ ಹಿಂದೆ, ಸಣ್ಣ ಎಲೆಗಳ ಹಾಗೆ ಮಡಚಿದ ನಾಲ್ಕು ಪಟ್ಟಿಗಳಿವೆ ನೋಡಿ. ಅವು ರೆಕ್ಕೆಯ ಚೀಲಗಳು. ಅಷ್ಟು ದೊಡ್ಡದಾಗಿದ್ದವು ಅಂದರೆ ಅದು ಕೊನೆಯ ಪೊರೆಯೇ. ಅದಕ್ಕಿಂತ ಮೊದಲೂ ಅದು ಹತ್ತು ಹದಿನೈದು ಸಲ ಪೊರೆ ಬಿಟ್ಟಿರುತ್ತದೆ, ಆದರೆ ಅವೆಲ್ಲ ನೀರಿನೊಳಗೇ ಬಿದ್ದು ಕೊಳೆತು ಹೋಗುತ್ತವೆ, ನಮ್ಮ ಕಣ್ಣಿಗೆ ಬೀಳುವುದಿಲ್ಲ.

ಬಿಳಿ ದಾರ ನೋಡಿ ಹುಳ ಹಿಡಿದಿದೆ ಅಂದುಕೊಂಡಿದ್ದೀರಿ. ನನಗೂ ಮೊದಲ ಸಲ ಹಾಗೇ ಅನ್ನಿಸಿತ್ತು. ಅದು ಅದರ ಉಸಿರಿನ ಕೊಳವೆಯ ಒಳಪದರ! ಕೀಟಗಳಿಗೆ ನಮ್ಮ ಹಾಗೆ ಶ್ವಾಸಕೋಶ ಇಲ್ಲ, ಮೈ ತುಂಬ ಗಾಳಿಯ ಸಣ್ಣ ಕೊಳವೆಗಳು. ಹೊರಗಿನ ಚರ್ಮವೇ ಒಳಕ್ಕೆ ಮಡಚಿಕೊಂಡು ಆ ಕೊಳವೆಗಳ ಪದರ ಆಗಿರುತ್ತದೆ. ಹಾಗಾಗಿ ಪೊರೆ ಬಿಡುವಾಗ ಅದೂ ಕಿತ್ತು ಬರಬೇಕು. ಒದ್ದೆ ಕಾಲುಚೀಲ ಎಳೆದಾಗ ಒಳಮಗ್ಗುಲು ಹೊರಗೆ ಬರುತ್ತದಲ್ಲ, ಸುಮಾರಾಗಿ ಹಾಗೆ.

ನಿಮಗೆ ಪೂರ್ತಿ ಗ್ಯಾರಂಟಿ ಬೇಕಿದ್ದರೆ ಒಂದು ಕೆಲಸ ಮಾಡಿ. ಪೊರೆಯನ್ನು ಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ನೆನೆಸಿ. ಒಣಗಿದಾಗ ಹಪ್ಪಳದ ಹಾಗೆ ಮುರಿಯುವುದು ನೆನೆದ ಮೇಲೆ ಬಗ್ಗುತ್ತದೆ. ಆಮೇಲೆ ಅಂಗಾತ ಮಲಗಿಸಿ, ತಲೆಯ ಅಡಿಗೆ ಸೂಜಿ ಹಾಕಿ ಮೆಲ್ಲಗೆ ಎತ್ತಿ. ಬಾಯಿಯ ಕೆಳಗೆ ಮಡಚಿಟ್ಟ ಒಂದು ತೋಳು ಬಿಚ್ಚಿಕೊಳ್ಳುತ್ತದೆ. ಮೊಣಕೈ ಹಾಗೆ ನಡುವೆ ಒಂದು ಕೀಲು, ತುದಿಯಲ್ಲಿ ಎರಡು ಕೊಕ್ಕೆ. ಅದು ಅದರ ಕೆಳತುಟಿ. ಬೇಟೆ ಹತ್ತಿರ ಬಂದಾಗ ಇದನ್ನು ಛಕ್ಕನೆ ಮುಂದಕ್ಕೆ ಚಾಚಿ, ಹಿಡಿದು, ಬಾಯಿಗೆ ಎಳೆದುಕೊಳ್ಳುತ್ತದೆ. ಇಂಥ ತುಟಿ ನೀರಿನ ಬೇರೆ ಯಾವ ಕೀಟಕ್ಕೂ ಇಲ್ಲ. ಏರೋಪ್ಲೇನ್ ಚಿಟ್ಟೆಗೆ, ಅದರ ಸಣಕಲು ದಾಯಾದಿ ಡ್ಯಾಮ್ಸೆಲ್‌ಫ್ಲೈಗೆ ಮಾತ್ರ. ಡ್ಯಾಮ್ಸೆಲ್‌ಫ್ಲೈ ಪೊರೆ ಕಡ್ಡಿಯ ಹಾಗೆ ತೆಳ್ಳಗೆ, ಬಾಲದಲ್ಲಿ ಸಾಮಾನ್ಯವಾಗಿ ಮೂರು ಎಲೆಯಂಥ ಕಿವಿರುಗಳು. ನಿಮ್ಮದು ದಪ್ಪಗೆ, ಬಾಲದಲ್ಲಿ ಬರೀ ಮೊನಚು ಮುಳ್ಳುಗಳು. ಹಾಗಾಗಿ ಅದು ಅಲ್ಲ.

ಇನ್ನೊಬ್ಬರು ಕೆಳಗೆ ‘ಜೀರುಂಡೆ ಪೊರೆ’ ಅಂತ ಬರೆದಿದ್ದಾರೆ. ಮರದ ಮೇಲೆ ಕೂತು ಕಿವಿ ತೂತಾಗುವ ಹಾಗೆ ಕಿರುಚುತ್ತದಲ್ಲ, ಅದರ ಪೊರೆಯೂ ಹೀಗೇ ಬೆನ್ನು ಸೀಳಿಕೊಂಡು ಅಂಟಿರುತ್ತದೆ, ತಪ್ಪು ತಿಳಿಯುವುದು ಸಹಜ. ಆದರೆ ಅದರ ಮರಿ ಬೆಳೆಯುವುದು ಮಣ್ಣಿನಲ್ಲಿ. ಮುಂಗಾಲು ಅಗೆಯುವುದಕ್ಕೆ ಅಂತಲೇ ದಪ್ಪಗೆ ಇರುತ್ತದೆ. ನೀರು ತುಂಬಿದ ತೊಟ್ಟಿಯ ನಡುವಿನ ದಂಟಿಗೆ ಅದು ಯಾಕೆ ಬಂದೀತು?

ಯಾವ ಜಾತಿ ಅಂತ ಕೇಳಿದರೆ, ನನ್ನ ಅಂದಾಜು ಗ್ಲೋಬ್ ಸ್ಕಿಮ್ಮರ್. ಮಳೆಗಾಲದ ಕೊನೆಗೆ ಮೈದಾನದ ಮೇಲೆ, ಗದ್ದೆ ಬಯಲಲ್ಲಿ ಹಿಂಡು ಹಿಂಡಾಗಿ ಹಾರುವ ಹಳದಿ ಬಣ್ಣದ್ದು. ಮಳೆ ನೀರಿನ ಹೊಂಡ, ಟ್ಯಾಂಕು, ತೊಟ್ಟಿ ಏನು ಸಿಕ್ಕರೂ ಮೊಟ್ಟೆ ಇಡುತ್ತದೆ. ನೀರು ಬೆಚ್ಚಗಿದ್ದರೆ ಒಂದೂವರೆ ಎರಡು ತಿಂಗಳಲ್ಲಿ ಮೊಟ್ಟೆಯಿಂದ ರೆಕ್ಕೆಯವರೆಗೆ ಎಲ್ಲ ಮುಗಿಸುತ್ತದೆ. ಹೊಂಡ ಬತ್ತುವುದರೊಳಗೆ ಹಾರಬೇಕಲ್ವಾ. ಚಳಿ ದೇಶದ ಕೆಲವು ಜಾತಿಗಳು ಇದೇ ಕೆಲಸಕ್ಕೆ ನಾಲ್ಕೈದು ವರ್ಷ ತೆಗೆದುಕೊಳ್ಳುತ್ತವೆ.

ಇದರ ಇನ್ನೊಂದು ಕತೆ ಹೇಳದೆ ಇರಲಾರೆ. ಮಾಲ್ಡೀವ್ಸ್ ದ್ವೀಪಗಳಲ್ಲಿ ಕೆರೆ, ಹೊಳೆ ಇಲ್ಲವೇ ಇಲ್ಲ ಅನ್ನಬಹುದು. ಆದರೂ ಪ್ರತಿ ವರ್ಷ ಅಕ್ಟೋಬರ್ ಸುಮಾರಿಗೆ ಅಲ್ಲಿ ಲಕ್ಷಗಟ್ಟಲೆ ಏರೋಪ್ಲೇನ್ ಚಿಟ್ಟೆಗಳು ಬಂದಿಳಿಯುತ್ತಿದ್ದವು. ಅಲ್ಲೇ ಇದ್ದ ಜೀವವಿಜ್ಞಾನಿ ಚಾರ್ಲ್ಸ್ ಆಂಡರ್ಸನ್ ವರ್ಷಗಟ್ಟಲೆ ಲೆಕ್ಕ ಇಟ್ಟು, 2009ರಲ್ಲಿ ಒಂದು ಪ್ರಬಂಧ ಬರೆದರು. ಇವು ಭಾರತದಿಂದ ಹೊರಟು, ಗಾಳಿಯ ಜೊತೆ ಸಮುದ್ರ ದಾಟಿ ಪೂರ್ವ ಆಫ್ರಿಕಕ್ಕೆ ಹೋಗುತ್ತವೆ ಅನ್ನುವುದು ಅವರ ವಾದ. ಹೋಗಿ ಬರುವ ದಾರಿ ಒಟ್ಟು 14000ದಿಂದ 18000 ಕಿಲೋಮೀಟರ್. ಒಂದೇ ಚಿಟ್ಟೆ ಇಷ್ಟೂ ಹಾರುವುದಿಲ್ಲ, ಮಗ, ಮೊಮ್ಮಗ ಅಂತ ತಲೆಮಾರುಗಳಲ್ಲಿ ಸುತ್ತು ಮುಗಿಯುತ್ತದೆ. ನಿಮ್ಮ ತೊಟ್ಟಿಯಿಂದ ಎದ್ದದ್ದು ಈಗ ಎಲ್ಲಿದೆಯೋ ಏನೋ.

ಕಚ್ಚುತ್ತಾ ಅನ್ನುವ ಪ್ರಶ್ನೆ. ಹಾರುವ ಚಿಟ್ಟೆಗೆ ಮುಳ್ಳೂ ಇಲ್ಲ, ವಿಷವೂ ಇಲ್ಲ. ನೀರಿನಲ್ಲಿರುವ ದೊಡ್ಡ ಮರಿಯನ್ನು ಬೆರಳಲ್ಲಿ ಹಿಸುಕಿದರೆ ಚಿವುಟಿದ ಹಾಗೆ ಆಗಬಹುದು, ಅಷ್ಟೆ. ಜಾಸ್ತಿ ಹೆದರಬೇಕಾದವರು ನಿಮ್ಮ ಗಪ್ಪಿಗಳು. ‘ಮೀನಿನ ಮರಿಗಳು ಯಾಕೋ ಕಮ್ಮಿಯಾಗುತ್ತಿವೆ’ ಅಂತ ಪ್ರಶ್ನೆಯ ಕೊನೆಯಲ್ಲಿ ಸುಮ್ನೆ ಒಂದು ಸಾಲು ಬರೆದಿದ್ದೀರಲ್ಲ, ಕಳ್ಳ ಸಿಕ್ಕಿದ. ಆದರೆ ಅದೇ ಕಳ್ಳ ಸೊಳ್ಳೆ ಮರಿಗಳನ್ನೂ ಹೊಟ್ಟೆ ತುಂಬ ತಿನ್ನುತ್ತದೆ. ಸೊಳ್ಳೆ ಬೇಡ ಅಂತ ಮೀನು ಬಿಟ್ಟಿದ್ದರೆ ಎರಡನ್ನೂ ಹಾಗೇ ಬಿಡಿ. ಮೀನೇ ಮುಖ್ಯ ಅಂದರೆ ಹಳೇ ಟೀ ಜಾಲರಿಯಲ್ಲಿ ತಳದ ಕೆಸರನ್ನು ಮೆಲ್ಲಗೆ ಎತ್ತಿ ನೋಡಿ. ಮರಿ ಇದ್ದರೆ ಬಾಲದಿಂದ ನೀರು ಚಿಮ್ಮಿ ಮುಂದಕ್ಕೆ ನುಗ್ಗುತ್ತದೆ. ಅದರ ಕಿವಿರು ಇರುವುದು ಹೊಟ್ಟೆಯ ಕೊನೆಯಲ್ಲಿ, ಉಸಿರಾಡುವ ನೀರನ್ನೇ ಜೋರಾಗಿ ಬಿಟ್ಟು ಓಡುತ್ತದೆ. ಹಿಡಿದು ಬೇರೆ ಟಬ್ಬಿಗೆ ಹಾಕಿ, ಸಾಯಿಸಬೇಡಿ. ಎರಡು ಮೂರನ್ನು ಒಂದೇ ಡಬ್ಬಿಯಲ್ಲಿ ಇಡಬೇಡಿ, ಒಂದನ್ನೊಂದು ತಿಂದುಬಿಡುತ್ತವೆ.

ಟೆರೇಸಿಗೆ ಹೇಗೆ ಬಂತು ಅಂತ ಕೇಳಿದಿರಿ. ತಾಯಿ ಹಾರುತ್ತಲೇ ಬಾಲದ ತುದಿಯನ್ನು ನೀರಿಗೆ ಅದ್ದಿ ಅದ್ದಿ ಮೊಟ್ಟೆ ಇಡುತ್ತದೆ. ಹೊಳೆಯುವ ಕಾರಿನ ಬಾನೆಟ್ಟನ್ನು ನೀರು ಅಂದುಕೊಂಡು ಅದರ ಮೇಲೂ ಬಾಲ ಕುಟ್ಟುತ್ತದೆ, ನೋಡಿರಬಹುದು.

ಸಾಧ್ಯವಾದರೆ ಒಂದು ದಿನ ಬೆಳಗಿನ ಜಾವ ಟಾರ್ಚ್ ಹಿಡಿದು ತೊಟ್ಟಿಯ ಹತ್ತಿರ ಹೋಗಿ. ಹೋದ ವರ್ಷ ನಾನು ನಮ್ಮ ಹಿತ್ತಲಿನ ಕೆಸುವಿನ ತೊಟ್ಟಿಯಲ್ಲಿ ನೋಡಿದೆ. ಮರಿ ದಂಟು ಹತ್ತಿ ಕಾಲು ಗಟ್ಟಿ ಊರಿತು. ಬೆನ್ನು ಸೀಳಿತು. ತಲೆ, ಎದೆ, ಕಾಲು ಈಚೆ ಬಂದು, ತಲೆಕೆಳಗಾಗಿ ಹಿಂದಕ್ಕೆ ಜೋತು ಬಿತ್ತು. ಸತ್ತೇ ಹೋಯಿತು ಅಂದುಕೊಂಡೆ, ಅಷ್ಟು ಹೊತ್ತು ಅಲುಗಾಡಲಿಲ್ಲ. ಕಾಲು ಗಟ್ಟಿಯಾಗಲಿ ಅಂತ ಕಾಯುತ್ತಿತ್ತಂತೆ, ಆಮೇಲೆ ಗೊತ್ತಾಯಿತು. ಇದ್ದಕ್ಕಿದ್ದಂತೆ ಮೇಲಕ್ಕೆ ಎದ್ದು, ತನ್ನದೇ ಪೊರೆಯ ತಲೆಯನ್ನು ಹಿಡಿದುಕೊಂಡು ಬಾಲ ಎಳೆದುಕೊಂಡಿತು. ರೆಕ್ಕೆ ಆಗ ಒದ್ದೆ ಕಾಗದ ಮುದುರಿಟ್ಟ ಹಾಗಿತ್ತು. ಅರ್ಧ ಗಂಟೆಯಲ್ಲಿ ಅದು ಬಿಚ್ಚಿಕೊಂಡು, ಹಾಲು ಬಣ್ಣ ಹೋಗಿ ಗಾಜಿನ ಹಾಗೆ ಆಗುತ್ತಾ ಬಂತು. ಕಾಫಿ ಕುಡಿದು ಬರೋಣ ಅಂತ ಒಳಗೆ ಹೋದೆ. ಬಂದಾಗ ಪೊರೆ ಮಾತ್ರ ಇತ್ತು.

ನಿಮ್ಮ ಪೊರೆಯನ್ನು ಎಸೆಯಬೇಡಿ. ಹತ್ತಿ ಹಾಕಿ ಬೆಂಕಿಪೊಟ್ಟಣದಲ್ಲಿ ಇಟ್ಟರೆ ವರ್ಷಗಟ್ಟಲೆ ಇರುತ್ತದೆ, ಮಕ್ಕಳಿಗೂ ತೋರಿಸಬಹುದು. ಕೀಟ ನೋಡುವವರಿಗೆ ಹಾರುವ ಚಿಟ್ಟೆಗಿಂತ ಪೊರೆಗೇ ಬೆಲೆ ಜಾಸ್ತಿ. ಚಿಟ್ಟೆ ಎಲ್ಲಿಂದಲೋ ಹಾರಿ ಬಂದಿರಬಹುದು, ಪೊರೆ ಸಿಕ್ಕಿತು ಅಂದರೆ ಅದೇ ನೀರಿನಲ್ಲಿ ಬೆಳೆದದ್ದು ಖಂಡಿತ. ನೆನೆಸಿದ ಮೇಲೆ ಎರಡು ಫೋಟೋ ಹಾಕಿ. ಒಂದು ಬಿಚ್ಚಿದ ತುಟಿಯದು. ಸೌಟಿನ ಹಾಗೆ ಗುಂಡಿಯಾಗಿದ್ದರೆ ನನ್ನ ಅಂದಾಜು ಉಳಿಯಿತು, ಚಪ್ಪಟೆ ಇದ್ದರೆ ಬೇರೆ ಕುಟುಂಬ. ಇನ್ನೊಂದು ಬಾಲದ ಕಡೆಯದು, ಮೇಲಿನಿಂದ. ಹೊಟ್ಟೆಯ ಎಂಟು ಮತ್ತು ಒಂಬತ್ತನೇ ಪಟ್ಟಿಯ ಪಕ್ಕದಲ್ಲಿ ಉದ್ದ ಮುಳ್ಳು ಇದೆಯಾ ನೋಡಬೇಕು.