ಪೆನ್ ಸ್ಟೇಟ್‌ಗೆ ಯಾವ ಶಿಕ್ಷೆ ಸರಿ? ಓದುಗರೊಬ್ಬರಿಗೆ ಉತ್ತರ

(ಪತ್ರದ ಸಾರ: ಪೆನ್ಸಿಲ್ವೇನಿಯಾದಲ್ಲಿ ನೆಲೆಸಿರುವ ಕನ್ನಡಿಗರೊಬ್ಬರ ಮಗಳು ಪೆನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಓದಿದವಳು. ಮನೆಮಂದಿಯೆಲ್ಲ ಅಲ್ಲಿನ ಫುಟ್‌ಬಾಲ್ ತಂಡದ ಅಭಿಮಾನಿಗಳು. ಗೆಳೆಯರು ಊಟಕ್ಕೆ ಸೇರಿದ್ದಾಗ ಸ್ಯಾಂಡಸ್ಕಿ ಪ್ರಕರಣದ ಮಾತು ಬಂತು. ತಂಡವನ್ನೇ ಕೆಲವು ವರ್ಷ ಮುಚ್ಚಬೇಕಿತ್ತು ಎಂದು ಕೆಲವರು ವಾದಿಸಿದರು. ತಪ್ಪು ಮಾಡದ ಆಟಗಾರರನ್ನೂ ತೀರಿಕೊಂಡ ತರಬೇತುದಾರನನ್ನೂ ದಂಡಿಸಿದ್ದೇ ಅನ್ಯಾಯ ಎಂಬುದು ಪತ್ರ ಬರೆದವರ ವಾದ. ಯಾರದು ಸರಿ ಎಂದು ಕೇಳಿದ್ದಾರೆ.)

ಮಾನ್ಯರೇ,

ಮೂರು ಪುಟ ತುಂಬ ಇಷ್ಟು ಅಚ್ಚುಕಟ್ಟಾದ ಕೈಬರಹ ನೋಡಿ ಬಹಳ ದಿನಗಳಾಗಿದ್ದವು. ಅದಕ್ಕೆ ವಂದನೆ. ಇನ್ನು ಆಕ್ಷೇಪ. ನಿಮ್ಮ ಪತ್ರದಲ್ಲಿ ತಂಡದ ಮುಖ್ಯ ತರಬೇತುದಾರರಾಗಿದ್ದ ಜೋ ಪಟರ್ನೊ ಅವರ 409 ಗೆಲುವುಗಳಿವೆ, ಕ್ರೀಡಾಂಗಣದ ಮುಂದಿನಿಂದ ಕಿತ್ತ ಅವರ ಪ್ರತಿಮೆಯಿದೆ, ಅವರು ಗ್ರಂಥಾಲಯಕ್ಕೆ ಕೊಟ್ಟ ದಾನವಿದೆ. ಸ್ಯಾಂಡಸ್ಕಿಯಿಂದ ನೊಂದ ಹುಡುಗರಿಗೆ ಸಿಕ್ಕಿರುವುದು ಅರ್ಧ ಸಾಲು.

ಉಳಿದ ಓದುಗರಿಗಾಗಿ ಸ್ವಲ್ಪ ಹಿನ್ನೆಲೆ. ಜೆರ್ರಿ ಸ್ಯಾಂಡಸ್ಕಿ ಪೆನ್ ಸ್ಟೇಟ್ ತಂಡದ ಸಹಾಯಕ ತರಬೇತುದಾರ. ಬಡ ಮಕ್ಕಳಿಗೆಂದು 1977ರಲ್ಲಿ ಒಂದು ಸೇವಾಸಂಸ್ಥೆ ಕಟ್ಟಿದ. ಅಲ್ಲಿಗೆ ಬಂದ ಹುಡುಗರನ್ನೇ ಲೈಂಗಿಕವಾಗಿ ಬಳಸಿಕೊಂಡ. 2012ರ ಜೂನ್‌ನಲ್ಲಿ 45 ಆರೋಪಗಳು ಸಾಬೀತಾಗಿ 30ರಿಂದ 60 ವರ್ಷಗಳ ಸೆರೆವಾಸವಾಯಿತು. ಅವನ ವಿಷಯದಲ್ಲಿ ನಿಮ್ಮ ಊಟದ ಮೇಜಿನಲ್ಲೂ ಭಿನ್ನಮತವಿರಲಿಲ್ಲ. ಜಗಳವೆಲ್ಲ ಗೊತ್ತಿದ್ದೂ ಸುಮ್ಮನಿದ್ದವರ ಬಗ್ಗೆ.

ಆ ಮೌನ ಹೇಗಿತ್ತೆಂದು ಹತ್ತಿರದಿಂದ ನೋಡಿ. 1998ರಲ್ಲಿ ತಾಯಿಯೊಬ್ಬರು ವಿಶ್ವವಿದ್ಯಾಲಯದ ಪೊಲೀಸರಿಗೆ ದೂರು ಕೊಟ್ಟರು. ಉಪಾಧ್ಯಕ್ಷ ಗ್ಯಾರಿ ಶುಲ್ಟ್ಸ್ ಆಗ ತಮ್ಮ ಟಿಪ್ಪಣಿಯಲ್ಲಿ, ಇದರಿಂದ ಇನ್ನೇನೆಲ್ಲ ಹೊರಬೀಳುವುದೋ, ಬೇರೆ ಮಕ್ಕಳೂ ಇದ್ದಾರೆಯೇ ಎಂದು ಕೈಯಾರೆ ಬರೆದುಕೊಂಡರು. ಪ್ರಕರಣ ದಾಖಲಾಗದೆ ಮುಗಿಯಿತು. 2001ರ ಫೆಬ್ರವರಿಯಲ್ಲಿ ಕಿರಿಯ ಸಹಾಯಕನೊಬ್ಬ ತಂಡದ ಸ್ನಾನಗೃಹದಲ್ಲಿ ಸ್ಯಾಂಡಸ್ಕಿಯನ್ನು ಒಬ್ಬ ಬಾಲಕನ ಜೊತೆ ಕಂಡು, ಮರುದಿನ ಪಟರ್ನೊ ಅವರ ಮನೆಗೆ ಹೋಗಿ ಹೇಳಿದ. ಅಂದು ಶನಿವಾರ. ಮೇಲಿನವರ ವಾರಾಂತ್ಯ ಕೆಡಿಸಬಾರದೆಂದು ಆ ಕ್ಷಣವೇ ತಿಳಿಸಲಿಲ್ಲ ಎಂದು ಪಟರ್ನೊ ಅವರೇ ಮುಂದೆ ಗ್ರ್ಯಾಂಡ್ ಜ್ಯೂರಿಯ ಮುಂದೆ ಪ್ರಮಾಣ ಮಾಡಿ ಹೇಳಿದರು. ನಂತರ ತಿಳಿಸಿದರು, ನಿಜ. ಇನ್ನೂ ಹೆಚ್ಚು ಮಾಡಬೇಕಿತ್ತು ಎಂದು ಕೊನೆಗಾಲದಲ್ಲಿ ಒಪ್ಪಿಕೊಂಡರು, ಅದೂ ನಿಜ. ಆದರೆ ಹತ್ತು ವರ್ಷ ಅದೇ ಮನುಷ್ಯ ಅದೇ ಆವರಣದಲ್ಲಿ ಓಡಾಡುತ್ತಿದ್ದ. ಊರಿನಲ್ಲಿ ಪಟರ್ನೊ ಅವರ ಒಂದು ಮಾತಿಗೆ ಎಷ್ಟು ತೂಕವಿತ್ತೆಂದು ನಿಮ್ಮ ಪತ್ರವೇ ಹೆಮ್ಮೆಯಿಂದ ಹೇಳುತ್ತದೆಯಲ್ಲ?

ಮೇಲಿನವರು ಏನು ಮಾಡಿದರು? ಮೊದಲು ಮಕ್ಕಳ ಇಲಾಖೆಗೆ ತಿಳಿಸುವ ಯೋಚನೆಯಿತ್ತು. ಬಳಿಕ ಸ್ಯಾಂಡಸ್ಕಿಯನ್ನೇ ಕರೆದು ಬುದ್ಧಿ ಹೇಳುವುದು, ಹುಡುಗರನ್ನು ಇನ್ನು ಇಲ್ಲಿಗೆ ಕರೆತರಬೇಡ ಎನ್ನುವುದು ಎಂದಾಯಿತು. ಅಧ್ಯಕ್ಷ ಗ್ರಹಾಂ ಸ್ಪೇನಿಯರ್ ಇಮೇಲ್‌ನಲ್ಲಿ ಒಪ್ಪಿಗೆ ಕೊಟ್ಟರು: ಇದು ಮಾನವೀಯವಾದ, ವಿವೇಕದ ದಾರಿ, ಆತ ಮಾತು ಕೇಳದಿದ್ದರೆ ಮಾತ್ರ, ವರದಿ ಮಾಡಲಿಲ್ಲವೆಂದು ನಾವು ಸಿಕ್ಕಿಬೀಳುವ ಅಪಾಯವಿದೆ. ಸ್ನಾನಗೃಹದಲ್ಲಿದ್ದ ಬಾಲಕ ಯಾರು, ಎಲ್ಲಿದ್ದಾನೆ, ಹೇಗಿದ್ದಾನೆ ಎಂದು ಹುಡುಕುವ ಗೋಜಿಗೆ ಸ್ಪೇನಿಯರ್, ಶುಲ್ಟ್ಸ್, ಕ್ರೀಡಾ ನಿರ್ದೇಶಕ ಟಿಮ್ ಕರ್ಲಿ ಈ ಮೂವರಲ್ಲಿ ಒಬ್ಬರೂ ಹೋಗಲಿಲ್ಲ.

‘ಇಲ್ಲಿಗೆ ಕರೆತರಬೇಡ.’ ಅಂದರೆ ಬೇರೆಲ್ಲಾದರೂ ಆಗಬಹುದೇ? ಇದನ್ನು ಓದಿದಾಗ ಅಮೆರಿಕ ನನಗೆ ತೀರ ಹತ್ತಿರದ್ದು ಅನ್ನಿಸಿತು. ನಾನು ಜಿಲ್ಲಾ ವರದಿಗಾರನಾಗಿದ್ದಾಗ ಒಂದು ಖಾಸಗಿ ವಿದ್ಯಾಸಂಸ್ಥೆಯ ವಸತಿನಿಲಯದ ಬಗ್ಗೆ ಇಂಥದೇ ದೂರು ಬಂದಿತ್ತು. ವಿಚಾರಿಸಲು ಹೋದರೆ ಆಡಳಿತ ಮಂಡಳಿಯ ಕಾರ್ಯದರ್ಶಿಗಳು ಕಾಫಿ ತರಿಸಿ, ‘ಕ್ರಮ ಕೈಗೊಂಡಾಗಿದೆ’ ಎಂದರು. ಏನು ಕ್ರಮವೆಂದರೆ, ವಾರ್ಡನ್‌ರನ್ನು ಪಕ್ಕದ ತಾಲ್ಲೂಕಿನ ತಮ್ಮದೇ ಇನ್ನೊಂದು ಹಾಸ್ಟೆಲ್‌ಗೆ ವರ್ಗ ಮಾಡಿದ್ದರು. ಅಲ್ಲಿಯೂ ಮಕ್ಕಳಿದ್ದಾರಲ್ಲ ಎಂದೆ. ‘ಅಲ್ಲಿಂದ ದೂರು ಬಂದಿಲ್ಲ’ ಎಂದರು. ಹಳೆಯ ಸಂಸ್ಥೆ, ಹಿರಿಯರು ಕಟ್ಟಿದ್ದು, ಹೆಸರು ಕೆಡಿಸಬೇಡಿ ಎಂದು ಗೇಟಿನವರೆಗೂ ಬಂದು ಬೀಳ್ಕೊಟ್ಟರು.

ಈಗ ಶಿಕ್ಷೆಯ ಮಾತು. 2012ರ ಜುಲೈ 23ರಂದು ಅಲ್ಲಿನ ಕಾಲೇಜು ಕ್ರೀಡಾ ಸಂಘ ಎನ್‌ಸಿಎಎ ವಿಧಿಸಿದ್ದು ಇಷ್ಟು: 60 ಮಿಲಿಯನ್ ಡಾಲರ್ ದಂಡ, ನಾಲ್ಕು ವರ್ಷ ಋತುವಿನ ಕೊನೆಯ ಪಂದ್ಯಗಳಿಗೆ ನಿಷೇಧ, ವಿದ್ಯಾರ್ಥಿವೇತನಗಳಲ್ಲಿ ಕಡಿತ, 1998ರಿಂದ 2011ರವರೆಗಿನ 112 ಗೆಲುವುಗಳು ರದ್ದು. ತಂಡ ಮುಚ್ಚಬೇಕಿತ್ತು ಎನ್ನುವ ನಿಮ್ಮ ಗೆಳೆಯರ ಸಿಟ್ಟು ನನಗೆ ಅರ್ಥವಾಗುತ್ತದೆ. ಆಟಗಾರರಿಗೆ ಗುಟ್ಟಾಗಿ ದುಡ್ಡು ಕೊಟ್ಟ ತಪ್ಪಿಗೆ ಡಲ್ಲಾಸ್‌ನ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದ ತಂಡ 1987ರ ಋತುವನ್ನೇ ಕಳೆದುಕೊಂಡಿತ್ತು. ದುಡ್ಡಿಗಿಂತ ಮಕ್ಕಳು ಅಗ್ಗವೇ ಎಂಬ ಪ್ರಶ್ನೆ ನ್ಯಾಯವಾದದ್ದು.

ಆದರೂ ಈ ಒಂದು ವಿಷಯದಲ್ಲಿ ನನ್ನ ಓಟು ನಿಮಗೆ. ಆಟದ ಲೆಕ್ಕದಲ್ಲಿ ಕೊಟ್ಟ ಶಿಕ್ಷೆ ಇಡೀ ಪ್ರಕರಣವನ್ನು ಆಟದ ಪ್ರಕರಣವನ್ನಾಗಿ ಮಾಡಿಬಿಟ್ಟಿತು. ರದ್ದಾದ 112ರಲ್ಲಿ ಪಟರ್ನೊ ಪಾಲಿನ 111 ಗೆಲುವು ಅಳಿಸಿ ಅವರ ಖಾತೆಯನ್ನು 298ಕ್ಕೆ ಇಳಿಸಿದ್ದೇ ತಡ, ಅಭಿಮಾನಿಗಳಿಗೆ ಶೋಕಿಸಲು ತಮ್ಮದೇ ಒಂದು ನಷ್ಟ ಸಿಕ್ಕಿತು. 2015ರ ಜನವರಿಯಲ್ಲಿ ಗೆಲುವುಗಳು ಮರಳಿದಾಗ ಅಲ್ಲಿನ ಐಸ್ ಹಾಕಿ ತಂಡದವರು ಹೆಲ್ಮೆಟ್ ಮೇಲೆ ‘409’ ಎಂದು ಅಂಟಿಸಿಕೊಂಡು ಆಡಿದರು! ನೊಂದವರು ನೂರಾರು ಮೈಲಿ ದೂರದಲ್ಲೇನೂ ಇರಲಿಲ್ಲ. ಕೆಲವರಾದರೂ ಆ ಚಿತ್ರವನ್ನು ಪತ್ರಿಕೆಯಲ್ಲಿ ನೋಡಿರಬೇಕು. ದಂಡದ ಮೊತ್ತ ತಂಡದ ಒಂದು ವರ್ಷದ ಆದಾಯದಷ್ಟು. ಅದೇ ಕ್ರೀಡಾಂಗಣದ ನವೀಕರಣಕ್ಕೆ 2024ರಲ್ಲಿ 700 ಮಿಲಿಯನ್ ಡಾಲರ್ ಮಂಜೂರಾಗಿದೆ. ಸಂಸ್ಥೆ ಬಡವಾಗಲಿಲ್ಲ.

ಆಟದ ಸಂಘಕ್ಕೆ ಈ ಕೆಲಸ ಒಗ್ಗುವುದಿಲ್ಲ ಎಂಬುದಕ್ಕೆ ಮಿಶಿಗನ್ ಸ್ಟೇಟ್ ಸಾಕ್ಷಿ. ವೈದ್ಯ ಲ್ಯಾರಿ ನಸ್ಸಾರ್‌ನಿಂದ ನೊಂದ ನೂರಾರು ಹೆಣ್ಣುಮಕ್ಕಳಿಗೆ ಆ ವಿಶ್ವವಿದ್ಯಾಲಯ 500 ಮಿಲಿಯನ್ ಡಾಲರ್ ಕೊಡಲು ಒಪ್ಪಿದ್ದು 2018ರಲ್ಲಿ. ಅದೇ ವರ್ಷ ಎನ್‌ಸಿಎಎ ತನ್ನ ನಿಯಮಗಳೇನೂ ಉಲ್ಲಂಘನೆಯಾಗಿಲ್ಲವೆಂದು ಕಡತ ಮುಚ್ಚಿತು.

ನನಗೆ ಬೇಕಾದ ಶಿಕ್ಷೆ ಬೇರೆ. ಇಮೇಲ್‌ಗೆ ಒಪ್ಪಿಗೆ ಕೊಟ್ಟವರು ಹೆಸರು ಹಿಡಿದು ಕಟಕಟೆಗೆ ಬರಬೇಕು, ಬೇಗ ಬರಬೇಕು. ಸ್ಪೇನಿಯರ್ ತಪ್ಪಿತಸ್ಥರೆಂದು ತೀರ್ಮಾನವಾದದ್ದು 2017ರಲ್ಲಿ. ಜೈಲಿಗೆ ಹೋದದ್ದು 2021ರಲ್ಲಿ, ಸುಮಾರು ಎರಡು ತಿಂಗಳ ಮಟ್ಟಿಗೆ. ಶುಲ್ಟ್ಸ್ ಮತ್ತು ಕರ್ಲಿ ತಪ್ಪೊಪ್ಪಿಕೊಂಡದ್ದೂ 2017ರಲ್ಲೇ. ವಿಶ್ವವಿದ್ಯಾಲಯವೇ ನೇಮಿಸಿದ್ದ, ಎಫ್‌ಬಿಐ ಮಾಜಿ ನಿರ್ದೇಶಕ ಲೂಯಿಸ್ ಫ್ರೀ ಅವರ ತನಿಖಾ ವರದಿ ಬಂದ ಮೇಲೆ ಆಟಗಾರರ ಶಿಕ್ಷೆಗೆ ಹನ್ನೊಂದು ದಿನ ಸಾಕಾಯಿತು, ಅಧಿಕಾರಿಗಳ ಶಿಕ್ಷೆಗೆ ವರ್ಷಗಳೇ ಹಿಡಿದವು. ನಿಮ್ಮ ಸಿಟ್ಟು ಇಲ್ಲಿ ಉರಿಯಬೇಕಿತ್ತು, ಮಾನ್ಯರೇ, ಪ್ರತಿಮೆಯ ಪೀಠದ ಬಳಿಯಲ್ಲಲ್ಲ.

ನಮ್ಮಲ್ಲಿ ಕಾನೂನಿಗೇನೂ ಬರವಿಲ್ಲ. ಅದೇ 2012ರ ಮಕ್ಕಳ ದಿನಾಚರಣೆಯಂದು ಪೋಕ್ಸೊ ಕಾಯ್ದೆ ಜಾರಿಗೆ ಬಂತು. ಅದರ 19ನೇ ಸೆಕ್ಷನ್ ಪ್ರಕಾರ, ಗೊತ್ತಿದ್ದವರು ಪೊಲೀಸರಿಗೆ ತಿಳಿಸಲೇಬೇಕು. ಕೈಕೆಳಗಿನವನ ಅಪರಾಧವನ್ನು ವರದಿ ಮಾಡದ ಸಂಸ್ಥೆಯ ಮುಖ್ಯಸ್ಥನಿಗೆ 21ನೇ ಸೆಕ್ಷನ್ ಅಡಿಯಲ್ಲಿ ಒಂದು ವರ್ಷದವರೆಗೆ ಸೆರೆ. ಆದರೂ ದೂರು ಬಂದೊಡನೆ ಪ್ರಾಂಶುಪಾಲರು ಮೊದಲು ಫೋನ್ ಮಾಡುವುದು ಆಡಳಿತ ಮಂಡಳಿಗೆ, ಮಂಡಳಿ ವಕೀಲರಿಗೆ, ವಕೀಲರು ಹುಡುಗಿಯ ಅಪ್ಪನಿಗೆ. ಠಾಣೆಯ ನಂಬರು ಆ ಸಾಲಿನ ಕೊನೆಯಲ್ಲಿ ಬಂದರೆ ಪುಣ್ಯ. ನಮ್ಮ ಪತ್ರಿಕೆಗಳೂ ಸಾಚಾ ಅಲ್ಲ: ‘ಪ್ರತಿಷ್ಠಿತ ಸಂಸ್ಥೆ’ ಎಂದು ಹೆಸರು ಮುಚ್ಚಿ ಸುದ್ದಿ ಹಾಕಿ, ಅದೇ ಸಂಸ್ಥೆಯ ಪ್ರವೇಶ ಜಾಹೀರಾತನ್ನು ಪುಟ ತುಂಬ ಅಚ್ಚು ಹಾಕುವವರಿದ್ದಾರೆ. ಸ್ಯಾಂಡಸ್ಕಿ ಸುದ್ದಿಯನ್ನು ಮೊದಲು ಹೊರತಂದವರು ಹ್ಯಾರಿಸ್‌ಬರ್ಗ್‌ನ ಸ್ಥಳೀಯ ಪತ್ರಿಕೆಯ ಎಳೆಯ ವರದಿಗಾರ್ತಿ ಸಾರಾ ಗ್ಯಾನಿಮ್. 2012ರ ಪುಲಿಟ್ಜರ್ ಅವರಿಗೂ ಆ ಪತ್ರಿಕೆಗೂ ಸಂದಿತು. ರಾಷ್ಟ್ರಮಟ್ಟದ ಕ್ರೀಡಾ ವರದಿಗಾರರು ಅಷ್ಟೂ ವರ್ಷ ಪ್ರತಿ ಶನಿವಾರ ಅದೇ ಕ್ರೀಡಾಂಗಣದಲ್ಲಿ ಕೂತು ಪಟರ್ನೊ ಅವರ ಕನ್ನಡಕದ ಬಗ್ಗೆ ಬರೆಯುತ್ತಿದ್ದರು.

ಒಂದು ವಿಷಯ ನಿಮ್ಮವರ ಪರವಾಗಿಯೂ ಹೇಳಬೇಕು. ಫ್ರೀ ತನಿಖೆಯ ಮೂಲ ದಾಖಲೆಗಳನ್ನು ತೋರಿಸಿ ಎಂದು ವಿಶ್ವವಿದ್ಯಾಲಯದ ಮೇಲೆಯೇ ಕೋರ್ಟಿಗೆ ಹೋಗಿ ಗೆದ್ದವರು, ಹಳೆಯ ವಿದ್ಯಾರ್ಥಿಗಳು ಆರಿಸಿ ಕಳಿಸಿದ ಟ್ರಸ್ಟಿಗಳು. ಪಟರ್ನೊ ಅವರ ಹೆಸರು ತೊಳೆಯುವುದು ಹಲವರ ಉದ್ದೇಶವಾಗಿತ್ತು, ಇರಲಿ. ಕಡತ ತೆರೆಸಲು ಹೊರಟವರ ಉದ್ದೇಶವನ್ನು ನಾನು ಹೆಚ್ಚು ಕೆದಕುವುದಿಲ್ಲ. ಆದರೆ ನೋಡಿದ್ದನ್ನು ಹೊರಗೆ ಹೇಳಬಾರದೆಂಬ ನಿರ್ಬಂಧದೊಡನೆ ಆ ಕಡತಗಳು ಅವರ ಕೈಗೆ ಬಂದವು. ನಿಮ್ಮ ಮಗಳಿಗೂ ಆ ಚುನಾವಣೆಯಲ್ಲಿ ಮತವಿದೆ. ಅಭ್ಯರ್ಥಿಗಳು ಓಟು ಕೇಳಿಕೊಂಡು ಬಂದಾಗ ನೊಂದವರ ಹೆಸರು ಮರೆಮಾಡಿ ಆ ದಾಖಲೆಗಳನ್ನೆಲ್ಲ ಗ್ರಂಥಾಲಯದಲ್ಲಿ ಇಡಿಸುತ್ತೀರಾ ಎಂದು ಕೇಳಲು ಹೇಳಿ. ಪಟರ್ನೊ ಹೆಸರಿನ ಗ್ರಂಥಾಲಯವೇ ಇದೆಯಲ್ಲ, ಅಲ್ಲೇ ಇಡಬಹುದು.

– ಸಂಪಾದಕ