ಜಾಮೋ ಜೆಲ್ಲಿಯೋ: ಸೀಬೆಹಣ್ಣಿಗೆ ಯಾವುದು ಒಪ್ಪುತ್ತದೆ?

ಪ್ರಶ್ನೆ: ನಮ್ಮ ತೋಟದ ಸೀಬೆಹಣ್ಣಿನಿಂದ ಅತ್ತೆಯವರು ಪ್ರತಿ ವರ್ಷ ಜಾಮ್ ಮಾಡುತ್ತಾರೆ. ನನಗೆ ಜೆಲ್ಲಿಯೇ ಇಷ್ಟ. ಜೆಲ್ಲಿ ಎಂದರೆ ಬರೀ ಸಕ್ಕರೆ ನೀರು, ಹಣ್ಣು ಇರುವುದು ಜಾಮಿನಲ್ಲಿ ಎಂಬುದು ಅವರ ಮಾತು. ಇದು ನಿಜವೇ? ಪುಸ್ತಕದಲ್ಲಿರುವಂತೆ 105 ಡಿಗ್ರಿ ಬರುವವರೆಗೆ ಕುದಿಸಿದರೂ ನನ್ನ ಜೆಲ್ಲಿ ಅಂಟಂಟಾಗಿ, ಕೆಲವು ದಿನಗಳಲ್ಲಿ ಹರಳುಗಟ್ಟುವುದೇಕೆ?
– ಓದುಗರು, ಮಡಿಕೇರಿ

ಉತ್ತರ: ನಿಮ್ಮ ಅತ್ತೆಯವರ ಮಾತು ಅರ್ಧ ಸರಿ. ಜೆಲ್ಲಿಗೆ ಹಣ್ಣಿನ ಸೋಸಿದ ರಸವಷ್ಟೇ ಬಳಕೆ; ಜಾಮಿನಲ್ಲಿ ಹಣ್ಣಿನ ತಿರುಳೆಲ್ಲ ಉಳಿಯುವುದರಿಂದ ನಾರಿನಂಶ ಹೆಚ್ಚು. ಸಕ್ಕರೆಯ ವಿಷಯದಲ್ಲಿ ಮಾತ್ರ ಎರಡಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಪಾಕ ಇಳಿಸುವ ಹೊತ್ತಿಗೆ ಎರಡರಲ್ಲೂ ಕರಗಿದ ಘನಾಂಶ, ಅದರಲ್ಲಿ ಬಹುಪಾಲು ಸಕ್ಕರೆಯೇ, ಶೇ 65ರ ಆಸುಪಾಸಿಗೆ ಬಂದಿರಬೇಕು. ಆದ್ದರಿಂದ ಇದು ಆರೋಗ್ಯಕ್ಕಿಂತ ಹೆಚ್ಚಾಗಿ ನಾಲಿಗೆಗೆ ಸಂಬಂಧಿಸಿದ ಆಯ್ಕೆ. ಬಿಸಿ ಅಕ್ಕಿ ರೊಟ್ಟಿಗೆ ಸವರಿಕೊಳ್ಳಲು ಜಾಮ್ ಹಿತ, ಏಕೆಂದರೆ ಜೆಲ್ಲಿ ಅದರ ಮೇಲೆ ನಿಲ್ಲದೆ ಜಾರುತ್ತದೆ. ತಣ್ಣನೆಯ ಬ್ರೆಡ್ಡಿಗಾದರೆ ಜೆಲ್ಲಿಯೇ ಚೆಂದ.

ಆದರೂ ಸೀಬೆಯ ಮಟ್ಟಿಗೆ ನಾನು ನಿಮ್ಮ ಪಕ್ಷ. ಈ ಹಣ್ಣಿನ ಜಾಮಿನಲ್ಲಿ ಬೀಜವನ್ನು ಎಷ್ಟು ಸೋಸಿದರೂ ತಿರುಳಿನ ಮರಳುಮರಳಾದ ಗುಣ ನಾಲಿಗೆಗೆ ತಾಗುತ್ತದೆ. ಜೆಲ್ಲಿಯಲ್ಲಿ ಅದರ ಪರಿಮಳವಷ್ಟೇ ಉಳಿಯುತ್ತದೆ. ಜೊತೆಗೆ, ಇನ್ನೂ ಪೂರ್ತಿ ಮಾಗದ ಸೀಬೆಯಲ್ಲಿ ಪೆಕ್ಟಿನ್ ಧಾರಾಳವಾಗಿದ್ದು, ಹುಳಿ ಮತ್ತು ಸಕ್ಕರೆ ಸೇರಿದಾಗ ಜೆಲ್ಲಿಯನ್ನು ಗಟ್ಟಿಯಾಗಿಸುವುದು ಅದೇ. ಅನಾನಸಿನಲ್ಲಿ ಪೆಕ್ಟಿನ್ ಕಡಿಮೆ, ಅದರ ಸೊಗಸೂ ತಿರುಳಿನಲ್ಲೇ ಇದೆ. ಅದನ್ನು ಜಾಮಿಗೇ ಬಿಡಬೇಕು. ಕೊಡಗಿನ ಕಿತ್ತಳೆಗೆ ಇವೆರಡಕ್ಕಿಂತಲೂ ಸಿಪ್ಪೆಯ ಎಳೆಗಳನ್ನು ಸೇರಿಸಿದ ಮಾರ್ಮಲೇಡ್ ಹೆಚ್ಚು ಒಪ್ಪುತ್ತದೆ ಎಂದು ನನ್ನ ಅನಿಸಿಕೆ.

ಇನ್ನು ಜೆಲ್ಲಿ ಕೆಡುವ ವಿಚಾರ. ತಪ್ಪು ನಿಮ್ಮ ಕೈಯದ್ದಲ್ಲ, ನೀವಿರುವ ಎತ್ತರದ್ದು. ಪುಸ್ತಕದ 105 ಡಿಗ್ರಿ ಎಂಬುದು ನೀರು 100 ಡಿಗ್ರಿಗೆ ಕುದಿಯುವ ಸಮುದ್ರಮಟ್ಟದ ಲೆಕ್ಕ. ಸುಮಾರು 300 ಮೀಟರ್ ಮೇಲೇರಿದಂತೆ ಕುದಿಯುವ ಬಿಂದು ಒಂದೊಂದು ಡಿಗ್ರಿಯಷ್ಟು ಇಳಿಯುತ್ತದೆ. ಸಾವಿರ ಮೀಟರಿಗೂ ಮೇಲಿರುವ ಮಡಿಕೇರಿಯಲ್ಲಿ ನೀರು 96 ಡಿಗ್ರಿಯ ಸುಮಾರಿಗೇ ಕುದಿಯುವುದರಿಂದ, ನಿಮ್ಮ ಜೆಲ್ಲಿ 101 ಡಿಗ್ರಿಗೇ ಹದಕ್ಕೆ ಬಂದಿರುತ್ತದೆ. ಅಲ್ಲಿಂದ 105ರವರೆಗೆ ಕಾಯಿಸಿದರೆ ನೀರಿನಂಶ ಅತಿಯಾಗಿ ಆರಿ, ಹಿಡಿಸಲಾರದಷ್ಟಾದ ಸಕ್ಕರೆ ಹರಳಾಗುತ್ತದೆ. ಮೊದಲು ಬರಿ ನೀರನ್ನು ಕುದಿಸಿ ನಿಮ್ಮ ಥರ್ಮಾಮೀಟರು ತೋರಿಸುವ ಅಂಕಿಯನ್ನು ಬರೆದಿಟ್ಟುಕೊಳ್ಳಿ. ಅದಕ್ಕಿಂತ ಐದು ಡಿಗ್ರಿ ಮೇಲೆ ಬಂದೊಡನೆ ಇಳಿಸಿ. ಸೌಟನ್ನು ಓರೆಯಾಗಿ ಹಿಡಿದಾಗ ಅಂಚಿನಲ್ಲಿ ಎರಡು ಹನಿಗಳು ಕೂಡಿಕೊಂಡು, ಸಣ್ಣ ಹಾಳೆಯಂತೆ ಒಟ್ಟಿಗೆ ಜಾರಿ ಬಿದ್ದರೆ ಹದ ಬಂದಿದೆ ಎಂದೇ ಅರ್ಥ.

ರಸ ಸೋಸುವಾಗ ಬಟ್ಟೆಯನ್ನು ಹಿಂಡಬೇಡಿ. ರಾತ್ರಿಯಿಡೀ ತೂಗುಹಾಕಿ, ತಾನಾಗಿ ತೊಟ್ಟಿಕ್ಕಿದ್ದಷ್ಟನ್ನೇ ತೆಗೆದುಕೊಳ್ಳಿ. ಹಿಂಡಿದರೆ ಜೆಲ್ಲಿ ಮಂಕಾಗುತ್ತದೆ. ಒಂದು ಲೀಟರ್ ರಸಕ್ಕೆ 750 ಗ್ರಾಂ ಸಕ್ಕರೆ, ಒಂದೆರಡು ನಿಂಬೆಹಣ್ಣಿನ ರಸ ಸಾಕು. ಹುಳಿಗೆಂದು ಕಾಚಂಪುಳಿ (ಕೊಡಗಿನ ಅಡುಗೆಯಲ್ಲಿ ಬಳಸುವ ಗಟ್ಟಿ ಹುಳಿರಸ) ಹಾಕುವ ಯೋಚನೆ ಬೇಡ: ಅದರ ಕಪ್ಪು ಬಣ್ಣ ಜೆಲ್ಲಿಯ ಮಾಣಿಕ್ಯದಂಥ ಕೆಂಪನ್ನು ನುಂಗಿಬಿಡುತ್ತದೆ.

ಬಟ್ಟೆಯಲ್ಲಿ ಉಳಿದ ತಿರುಳನ್ನು ಅತ್ತೆಯವರಿಗೆ ಕೊಡಿ. ಅದನ್ನು ಜರಡಿಯಲ್ಲಿ ಉಜ್ಜಿ ಬೀಜ ತೆಗೆದು, ಸಕ್ಕರೆಯೊಂದಿಗೆ ತಳ ಬಿಡುವವರೆಗೆ ಮಗುಚಿ, ತುಪ್ಪ ಸವರಿದ ತಟ್ಟೆಗೆ ಸುರಿದರೆ ಒಳ್ಳೆಯ ಸೀಬೆ ಹಲ್ವ ಆಗುತ್ತದೆ, ಅವರು ಹೇಳುವ ಹಣ್ಣಿನ ಅಂಶವೂ ಅದರಲ್ಲೇ ಇರುತ್ತದೆ.